ಮುಯ್ಯಿಕಟ್ಟೆ

ಕಲ್ಲವ್ವ ಮುದೇನಕೊಪ್ಪದ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಸತ್ತಳು. ಅವಳ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುತ್ತಿದ್ದ ಯಂತ್ರಗೈ ಅರ್ಧ ಕೆಲಸದಲ್ಲಿ ನಿಂತಿತು. ಆ ಕೈಯನ್ನು ನಡೆಸುತ್ತಿದ್ದ ಡಾಕ್ಟರ್ ಸುಗಂಧಿ ಹೊಳೆಯ ಆಚೆ ದಡದ ಕೋಡಿಹೊಳಲಿನಲ್ಲಿ ಕೂತಿದ್ದರು. ಹೆರಿಗೆ ಕೋಣೆಯ ಕಿಟಕಿಯಿಂದ ನೋಡಿದರೆ ಅವರ ಆಸ್ಪತ್ರೆಯ ಬಿಳಿ ಗೋಡೆ ಕಾಣುತ್ತದೆ. ಅವರ ಬೆರಳುಗಳ ಸಂಕೇತ ಕಡಲ ದಡದ ಮಹಾದ್ವಾರಕ್ಕೆ ಹೋಗಿ ಅಲ್ಲಿ ಮೂರನೆಯ ದರ್ಜೆಯ ಸಾಲಿನಲ್ಲಿ ಕಾಯುತ್ತಿತ್ತು. ಅದೇ ಹೊತ್ತಿನಲ್ಲಿ ಮೊದಲನೆಯ ದರ್ಜೆಯ ಸಾಲಿನಲ್ಲಿ ಕ್ರಿಕೆಟ್ ಫೈನಲ್ ಹಾದುಹೋಗುತ್ತಿತ್ತು. ಮಗುವೂ ಉಳಿಯಲಿಲ್ಲ.

ಮಹಾದ್ವಾರ ಕಂಪನಿಯ ವಿಭಾಗಾಧಿಕಾರಿ ದೇಸಾಯಿ ಹದಿನೈದು ದಿನದ ಮೇಲೆ ಮನೆಯವರ ದೂರಿಗೆ ಉತ್ತರ ಹೊತ್ತುಕೊಂಡು ಬಂದರು. ಅವರು ಬಂದದ್ದು ಕಲ್ಲವ್ವನ ತಂಗಿ ದ್ರಾಕ್ಷಾಯಣಿಯ ಕಂಟ್ರೋಲ್ ರೂಮಿಗೆ. ಕಂಟ್ರೋಲ್ ರೂಮು ಎಂದರೆ ದೊಡ್ಡ ಮಾತು. ಖಾರಪುಡಿ ಕುಟ್ಟುವ ಗಿರಣಿಯ ಮಾಳಿಗೆ ಅದು. ಊರಿನ ಎಲ್ಲ ಮನೆ, ಶಾಲೆ, ಅಂಗಡಿ, ಆಸ್ಪತ್ರೆಗಳ ಇಂಟರ್ನೆಟ್ ಕೇಬಲ್ ಅಲ್ಲಿ ಬಂದು ಸೇರುತ್ತಿತ್ತು. ದ್ರಾಕ್ಷಾಯಣಿ ಡಿಪ್ಲೊಮಾ ಓದಿ ಬಂದು ಆ ಜಾಲವನ್ನು ಕಟ್ಟಿದ್ದಳು. ಮೆಟ್ಟಿಲು ಹತ್ತಿ ಬಂದವರೆಲ್ಲ ಮೊದಲು ಸೀನುತ್ತಿದ್ದರು, ಆಮೇಲೆ ಮಾತು.

ದೇಸಾಯರೂ ಸೀನಿದರು. ಕರವಸ್ತ್ರದಿಂದ ಮೂಗು ಒರೆಸಿಕೊಂಡು, "ಪರಿಶೀಲನೆ ಆಯ್ತಮ್ಮ. ಸೇವೆಯಲ್ಲಿ ಯಾವ ಲೋಪವೂ ಕಂಡುಬಂದಿಲ್ಲ. ಸಾಲಿನ ನಿಯಮ ಸರಿಯಾಗಿ ಪಾಲನೆ ಆಗೇತಿ," ಎಂದರು.

"ಅದು ನನಗೂ ಗೊತ್ತೈತ್ರಿ," ಎಂದಳು ದ್ರಾಕ್ಷಾಯಣಿ. "ನಾನs ನೋಡ್ಕೊಂತ ಕುಂತಿದ್ದೆ. ನಿಯಮ ಪಾಲನೆ ಆಗೂದನ್ನ ಪೂರಾ ನೋಡೇನಿ."

ಅವಳು ನಿಜವಾಗಿಯೂ ನೋಡಿದ್ದಳು. ಈ ದಡದ ಕೈ ಸುಸೂತ್ರವಾಗಿತ್ತು. ಆ ದಡದ ಡಾಕ್ಟರೂ ಸುಸೂತ್ರವಾಗಿದ್ದರು. ನಡುವೆ ಒಂದು ಹೊಳೆ, ಹೊಳೆಯ ಮೇಲೆ ಒಂದು ಸೇತುವೆ. ಸೇತುವೆಗೆ ಬಿರುಕು ಬಿಟ್ಟು ಗಾಡಿ ಓಡಾಟ ನಿಂತಿತ್ತು; ನಡೆದು ದಾಟಬಹುದಿತ್ತು, ಹೊಟ್ಟೆ ಕೊಯ್ದವಳನ್ನು ಹೊತ್ತು ದಾಟಿಸುವಂತಿರಲಿಲ್ಲ. ಆಂಬ್ಯುಲೆನ್ಸು ಹಲಗೂರು ಸುತ್ತಿ ಆಚೆ ದಡ ಮುಟ್ಟುವಷ್ಟರಲ್ಲಿ ಅರ್ಧ ದಿನ. ಐದು ಊರಿಗೆ ಒಬ್ಬರೇ ಡಾಕ್ಟರು. ಅದಕ್ಕೇ ಊರೂರಿಗೂ ಯಂತ್ರಗೈ ಬಂದದ್ದು. ಡಾಕ್ಟರು ಕೂತಲ್ಲೇ ಕೈಗವಸು ತೊಟ್ಟು ಬೆರಳಾಡಿಸಿದರೆ ಈ ಕಡೆಯ ಉಕ್ಕಿನ ಬೆರಳು ಹಾಗೆಯೇ ಆಡಬೇಕು. ಸಂಕೇತ ಬರುವುದು ನಿಂತರೆ ತಾನೂ ನಿಲ್ಲಬೇಕು, ತಪ್ಪಿಯೂ ಅಲುಗಬಾರದು. ಅದು ಯಂತ್ರದ ಕಟ್ಟುಪಾಡು. ಅವತ್ತು ಅದು ತನ್ನ ಕಟ್ಟುಪಾಡಿನಂತೆ ಅಲುಗದೆ ನಿಂತಿತು, ರಕ್ತಕ್ಕೆ ಮಾತ್ರ ಯಾವ ಕಟ್ಟುಪಾಡೂ ಇರಲಿಲ್ಲ.

ಈ ದಡದ ಮಾತು ಆ ದಡಕ್ಕೆ ನೆಟ್ಟಗೆ ಹೋಗದಂತೆ ತಡೆದದ್ದು ಏಕದ್ವಾರ ಕಾಯ್ದೆ. ಅದು ಬಂದು ಒಂದು ತಲೆಮಾರಾಗಿತ್ತು. ಯಾವ ಎರಡು ಜಾಲವೂ ಒಂದನ್ನೊಂದು ಮುಟ್ಟಕೂಡದು, ಪ್ರತಿ ಊರಿನ ಜಾಲದಿಂದ ಹೊರಕ್ಕೆ ಒಂದೇ ತಂತಿ, ಆ ತಂತಿ ಮಹಾದ್ವಾರಕ್ಕೆ. ಹೊಳೆಯ ಉತ್ತರದ ಊರುಗಳು ಉತ್ತರ ಬಾಗಿಲಿಗೆ, ದಕ್ಷಿಣದವು ದಕ್ಷಿಣ ಬಾಗಿಲಿಗೆ. ಎರಡು ಬಾಗಿಲೂ ಒಂದಾಗುವುದು ಕಡಲ ದಡದ ಒಂದೇ ಕಟ್ಟಡದಲ್ಲಿ. ಇಲ್ಲಿ ನಿಂತು ಕೂಗಿದರೆ ಕೇಳಿಸುವಷ್ಟು ದೂರದ ಮನೆಗೆ ಒಂದು ಫೋಟೊ ಕಳಿಸಿದರೂ ಅದು ಘಟ್ಟ ಇಳಿದು, ಸಾಲು ನಿಂತು, ಮತ್ತೆ ಘಟ್ಟ ಹತ್ತಿ ಬರಬೇಕು. ದೇಶದ ಭದ್ರತೆಗಾಗಿ ಎಂದು ಕಾಯ್ದೆಯ ಮೊದಲ ಸಾಲಿನಲ್ಲಿ ಬರೆದಿತ್ತು. ಯಾರ ಭದ್ರತೆ ಎಂಬುದನ್ನು ಕಲ್ಲವ್ವ ಸತ್ತ ಮೇಲೆ ಊರು ಓದಿಕೊಂಡಿತು.

ಹೋಗುವ ಮುಂಚೆ ದೇಸಾಯರು, "ಅಕ್ಕನ್ನ ಕಳಕೊಂಡೀರಿ, ನನಗೂ ಕೆಟ್ಟ ಅನಸ್ತು. ಆದ್ರ ನಾನೂ ಒಬ್ಬ ನೌಕರ," ಎಂದರು. ಮತ್ತೊಮ್ಮೆ ಸೀನಿ ಮೆಟ್ಟಿಲಿಳಿದರು.

ಮನೆಯಲ್ಲಿ ಅವ್ವ ಫಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ಕಲ್ಲವ್ವ ಹೋದಂದಿನಿಂದ ಅವಳ ಬಡಿತ ಜೋರಾಗಿತ್ತು; ಮೂರು ಮನೆಯಾಚೆಗೆ ಕೇಳುತ್ತಿತ್ತು. ಒಲೆಯ ಪಕ್ಕ ಕಿರಿಯವಳು ಹೊನ್ನವ್ವ ಕಾಲು ಚಾಚಿ ಕೂತಿದ್ದಳು. ಜಾಲದ ಕಂಬ ಹತ್ತಿ ಕೇಬಲ್ ಎಳೆಯುವವಳು ಅವಳು. ಈಗ ದಿನ ತುಂಬುತ್ತ ಬಂದು ಕಂಬ ಬಿಟ್ಟು ಫೋನಿಗೆ ಉತ್ತರ ಹೇಳುತ್ತಿದ್ದಳು. ಅವಳ ಹೊಟ್ಟೆಯ ಕೂಸೂ ಅಡ್ಡ ತಿರುಗಿತ್ತು, ಅಕ್ಕನ ಕೂಸಿನಂತೆಯೇ. ಕೊಯ್ದೇ ತೆಗೆಯಬೇಕೆಂದು ಡಾಕ್ಟರ್ ಸುಗಂಧಿ ಹೇಳಿಯಾಗಿತ್ತು.

"ಅಕ್ಕಾ," ಎಂದಳು ಹೊನ್ನವ್ವ, "ನನ್ನ ಸರದಿ ಬಂದಾಗ ಯಾವ ಮ್ಯಾಚ್ ಐತಿ, ಈಗs ನೋಡಿ ಇಡು. ಸಣ್ಣ ಮ್ಯಾಚ್ ಇದ್ರ ಅವತ್ತs ಹಡಿತೀನಿ."

ದ್ರಾಕ್ಷಾಯಣಿಗೆ ನಗು ಬರಲಿಲ್ಲ. ಫಕೀರವ್ವ ಬಡಿತ ನಿಲ್ಲಿಸಿದಳು.

"ಅಲ್ಲs, ಆ ಡಾಕ್ಟರಮ್ಮನ ದವಾಖಾನಿ ಇಲ್ಲೇ ಕಾಣತೈತಿ. ಹೊಳಿಗುಂಟ ಒಂದು ತಂತಿ ಎಳದ್ರ ಮುಗೀತಲ್ಲ. ಅದಕ್ಕ ಸಮುದ್ರದಾವನ್ನ ಯಾಕ ಕೇಳಬೇಕು?"

"ಕಾಯ್ದೆ ಐತಿ ಯವ್ವಾ."

"ನಿನ್ನ ಕಾಯ್ದೆ ಒಲ್ಯಾಗ ಹಾಕು. ನಮ್ಮ ಕಾಲದಾಗ ಮೆಣಸಿನಕಾಯಿ ಬಿಡಸೂದು ಬಂತಂದ್ರ ಕೋಡಿಹೊಳಲಿನವರು ಹರಗೋಲು ಹತ್ತಿ ಈ ಕಡೆ ಬರ್ತಿದ್ರು. ನಮ್ಮದು ಮುಗದ ಮ್ಯಾಲೆ ನಾವು ಆ ಕಡೆ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಕೂಲಿ ಇಲ್ಲ, ಲೆಕ್ಕ ಇಲ್ಲ. ಮುಯ್ಯಾಳು ಅಂದ್ರ ಅದು. ನಡುವ ಯಾವ ಗೌಡನ್ನೂ ನಿಲ್ಲಿಸಿಕೊಂಡಿರಲಿಲ್ಲ."

"ಗೌಡ ಸುಮ್ಮನಿದ್ನ?" ಎಂದಳು ಹೊನ್ನವ್ವ.

"ಸುಮ್ಮನ ಯಾಕಿರ್ತಾನ? ನನ್ನ ಕೇಳಿ ಕರೀರಿ ಅಂದ. ನಾವು ಅವನ ಹೊಲಕ್ಕs ಹೋಗೂದು ಬಿಟ್ವಿ. ಒಂದs ಸುಗ್ಗಿಗೆ ಮೆತ್ತಗಾದ." ಫಕೀರವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. "ಒಂದು ನೆನಪಿಡ್ರಿ. ಮುಯ್ಯಿಗೆ ಕರಿಯಾಕ ಹೊಂಟ್ರ ಓಣ್ಯಾಗ ಒಂದು ಬಾಗಲಾನೂ ಬಿಡಬಾರದು. ಒಂದು ಮನಿ ಬಿಟ್ಟಿರೋ, ಸಾಯೂಮಟ ಮುನಿಸು."

ದ್ರಾಕ್ಷಾಯಣಿ ಊಟಕ್ಕೆ ಕೂರಲಿಲ್ಲ. ಚಪ್ಪಲಿ ಮೆಟ್ಟಿ ಸೇತುವೆಯ ಕಡೆ ನಡೆದಳು.

ಕೋಡಿಹೊಳಲಿನ ಜಾಲ ಮುರ್ತುಜಾಸಾಬನದು. ಸಂತೆಪೇಟೆಯಲ್ಲಿ ಅವನ ಅಂಗಡಿ. ಮದುವೆಯಾಗಿ ಆಚೆ ದಡಕ್ಕೆ ಹೋದ ಹೆಣ್ಣುಮಕ್ಕಳು ಯಾರ ಕನೆಕ್ಷನ್ ತೆಗೆದುಕೊಳ್ಳಬೇಕೆಂಬ ವಿಷಯಕ್ಕೆ ಅವನಿಗೂ ದ್ರಾಕ್ಷಾಯಣಿಗೂ ವರ್ಷಗಟ್ಟಲೆ ಕಿತ್ತಾಟ ನಡೆದಿತ್ತು. ಅವಳನ್ನು ಕಂಡವನೇ ಅವನು ಸ್ಟೂಲು ಎಳೆದುಕೊಟ್ಟ.

"ಬಾ ಅಕ್ಕಾ. ಇವತ್ತು ನನ್ನ ಯಾವ ಗಿರಾಕಿನ್ನ ಒಯ್ಯಾಕ ಬಂದಿ?"

"ಎಲ್ಲಾರ್ನೂ," ಎಂದಳು ಅವಳು. "ನಿನ್ನ ಊರಿನ ಮಾತು ನನ್ನ ಊರಿಗೆ ನೆಟ್ಟಗ ಬರ್ಲಿ. ನನ್ನ ಊರಿಂದು ನಿನ್ನ ಊರಿಗೆ. ಸೇತುವಿ ಮ್ಯಾಲೆ ಒಂದು ಕೇಬಲ್. ನೀ ನನಗ ರೊಕ್ಕ ಕೊಡೂದಿಲ್ಲ, ನಾ ನಿನಗ ಕೊಡೂದಿಲ್ಲ. ಮುಯ್ಯಿ."

ಮುರ್ತುಜಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಲೈಸೆನ್ಸ್ ಹೋಗತೈತಿ. ಜೇಲೂ ಆಗಬಹುದು."

"ಹೌದು."

"ಹೌದು ಅಂತೀಯಲ್ಲ, ಬಿಡು ಏನೂ ಆಗಂಗಿಲ್ಲ ಅಂತ ಒಂದು ಮಾತರ ಅನ್ನು."

"ಸುಳ್ಳು ಹೇಳಿ ಮುಯ್ಯಿಗೆ ಕರಿಯಾಕ ಬರಂಗಿಲ್ಲ, ಮುರ್ತುಜಣ್ಣ."

ಅವನು ಮೇಜಿನ ಮೇಲಿನ ಕೇಬಲ್ ತುಂಡನ್ನು ಬೆರಳಿಗೆ ಸುತ್ತಿಕೊಂಡ. "ನಿಮ್ಮಕ್ಕ ಹೋದ ಮರುದಿವಸ ಡಾಕ್ಟರಮ್ಮ ಇಲ್ಲಿಗೆ ಬಂದಿದ್ರು," ಎಂದ. "ನೀ ಈಗ ಕುಂತೀಯಲ್ಲ, ಅದs ಸ್ಟೂಲ್ ಮ್ಯಾಲೆ ಕುಂತ್ರು. ಒಂದು ಮಾತು ಬೈಲಿಲ್ಲ. ಬೈದಿದ್ರ ಪಾಡಿತ್ತು." ತುಂಡನ್ನು ಬಿಸಾಕಿ ಎದ್ದ. "ಹಗಲs ಎಳಿಯೂಣು. ಕಳ್ಳರಂಗ ನಾ ಬರಂಗಿಲ್ಲ."

ಹಗಲೇ ಎಳೆದರು. ಎರಡೂ ದಡದ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಕೆಲಸ ಬಿಟ್ಟು ಬಂದು ಸೇತುವೆಯ ಕಟಾಂಜನದ ಉದ್ದಕ್ಕೂ ಕೇಬಲ್ ಹಿಡಿದು ನಿಂತರು. ನಡು ಸೇತುವೆಯಲ್ಲಿ ಒಂದು ಹಳೆಯ ಟೋಲ್ ಮನೆ ಇತ್ತು. ಸೇತುವೆ ಹೊಸದಾಗಿದ್ದಾಗ ಗುತ್ತಿಗೆದಾರ ಅದರಲ್ಲಿ ಕೂತು ಎತ್ತಿನ ಗಾಡಿಗೂ ಸುಂಕ ಎತ್ತಿದ್ದ. ಅವಧಿ ಮುಗಿದ ಮೇಲೂ ಎತ್ತಿದ್ದ. ಜನ ರೊಚ್ಚಿಗೆದ್ದು ಗೇಟಿನ ಕೋಲನ್ನು ಹೊಳೆಗೆಸೆದ ಮೇಲೆಯೇ ಬಿಟ್ಟು ಹೋದದ್ದು. ಅದರ ಛಾವಣಿ ಗಟ್ಟಿಯಾಗಿತ್ತು. ಎರಡೂ ಊರಿನ ಕೇಬಲ್ ಅಲ್ಲಿಗೆ ಬಂದವು, ಎರಡೂ ಊರಿನ ರೂಟರ್‌ಗಳನ್ನು ಒಂದೇ ಕಲ್ಲಿನ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟರು. ಮುರ್ತುಜಾ ಗಾಜಿನ ಎಳೆಯ ಎರಡು ತುದಿಗಳನ್ನು ಬೆಸೆದು ತಲೆಯೆತ್ತಿದ. ಯಾರೋ ಹೆಂಗಸು, "ಆತೇನು? ಇಷ್ಟs?" ಎಂದಳು. ಇಷ್ಟೇ ಆಗಿತ್ತು.

ರೂಟರ್ ಎಂಬುದು ಮಹಾ ಮಾತುಗಾರ ಯಂತ್ರ. ನೆರೆಯ ರೂಟರ್ ಸಿಕ್ಕಿತೆಂದರೆ, 'ನನ್ನ ಕೈಲಿ ಕೊಡಿ, ಇಂಥಿಂಥ ಊರಿಗೆ ನಾನು ಮುಟ್ಟಿಸುತ್ತೇನೆ' ಎಂದು ಹೇಳಿಕೊಳ್ಳುತ್ತದೆ. ನೆರೆಯದು ಅದನ್ನು ನಂಬುತ್ತದೆ, ತನ್ನ ನೆರೆಯದಕ್ಕೂ ಹೇಳುತ್ತದೆ. ಆಧಾರ ತೋರಿಸು ಎಂದು ಯಾವುದೂ ಕೇಳುವುದಿಲ್ಲ. ಇಡೀ ಲೋಕದ ಇಂಟರ್ನೆಟ್ಟು ಇಂಥ ನೆರೆಹೊರೆಯ ನಂಬಿಕೆಯ ಮೇಲೆ ನಿಂತದ್ದು. ಮಹಾದ್ವಾರ ಅದರ ಕುತ್ತಿಗೆ ಹಿಡಿದು ಕೂತಿತ್ತು, ಅಷ್ಟೆ. ಹೊಸ ದಾರಿಯೊಂದನ್ನು ಜೋಡಿಸುವಾಗ ರೂಟರ್ ಕೇಳುತ್ತದೆ: ಈ ದಾರಿಯನ್ನು ಯಾರಿಗೆ ತಿಳಿಸಬೇಕು? ಎರಡೇ ಊರಿನ ನಡುವಿನ ಜೋಡಣೆಯಾದರೆ ಎರಡೇ ಹೆಸರು ಬರೆಯಬೇಕು. ದ್ರಾಕ್ಷಾಯಣಿ ಅದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದಳು. ಆದರೆ ಆ ಗಳಿಗೆಯಲ್ಲಿ ಸುತ್ತ ನಿಂತ ಹೆಂಗಸರ ಗದ್ದಲ, ಅವ್ವನ ಮಾತು, ಬಿಡಬಾರದ ಬಾಗಿಲುಗಳು. ಅವಳ ಕೈ ತಾನಾಗಿ 'ಎಲ್ಲರಿಗೂ' ಎಂದು ಬರೆಯಿತು.

ಮರುದಿನ ಬೆಳಗ್ಗೆ ಟೋಲ್ ಮನೆಯ ರೂಟರ್‌ಗಳ ಫ್ಯಾನು ಗಿರಣಿಯಂತೆ ಕೂಗುತ್ತಿದ್ದವು. ಮುದೇನಕೊಪ್ಪದಲ್ಲಿ ಒಂದು ಚಿತ್ರವೂ ತೆರೆಯುತ್ತಿರಲಿಲ್ಲ. ದ್ರಾಕ್ಷಾಯಣಿ ಓಡಿಬಂದು ಪರದೆ ನೋಡಿದಳು. ಅವಳ ಊರಿನದ್ದಲ್ಲ, ಮುರ್ತುಜಾನ ಊರಿನದ್ದೂ ಅಲ್ಲ. ಉತ್ತರದ ಅಷ್ಟೂ ಜಿಲ್ಲೆಗಳ ಟ್ರಾಫಿಕ್ಕು ದಕ್ಷಿಣಕ್ಕೆ, ದಕ್ಷಿಣದ್ದು ಉತ್ತರಕ್ಕೆ, ಈ ಬಿರುಕು ಸೇತುವೆಯ ಬೆರಳು ದಪ್ಪದ ಕೇಬಲ್ಲಿನ ಮೇಲೆ ನುಗ್ಗುತ್ತಿತ್ತು.

ಮುರ್ತುಜಾ ಏದುಸಿರು ಬಿಡುತ್ತ ಬಂದ. "ಅಕ್ಕಾ, ಅದರಾಗ ಏನಂತ ಬರದಿ?"

"ಎಲ್ಲಾರಿಗೂ ಅಂತ. ನೀ?"

ಅವನು ತಲೆ ಕೆರೆದುಕೊಂಡ. "ನಾನೂ ಅದನ್ನs ಬರದೇನಿ. ಮತ್ತ ಒಬ್ಬರಿಗೆ ಹೇಳಿ ಒಬ್ಬರಿಗೆ ಬಿಟ್ರ ಹೆಂಗ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದದ್ದು ಇದು: ಅವಳ ರೂಟರ್ ಉತ್ತರ ಬಾಗಿಲಿಗೆ, 'ದಕ್ಷಿಣಕ್ಕೆ ಹೋಗುವವರೆಲ್ಲ ನನ್ನ ಮೇಲೆ ಬನ್ನಿ' ಎಂದು ಹೇಳಿತ್ತು. ಅವನದು ದಕ್ಷಿಣ ಬಾಗಿಲಿಗೆ ಅದನ್ನೇ ತಿರುಗಿಸಿ ಹೇಳಿತ್ತು. ಮಹಾದ್ವಾರದ ಯಂತ್ರಗಳೂ ಯಂತ್ರಗಳೇ, ಅವೂ ನಂಬಿದವು. ಕಡಲ ದಡಕ್ಕೆ ಹೋಗಿ ಬರುವುದಕ್ಕಿಂತ ಈ ದಾರಿ ಹತ್ತಿರವೆಂದು ಕಂಡು ತಮ್ಮ ಯಜಮಾನನನ್ನು ಕೇಳದೆ ಇತ್ತ ತಿರುಗಿದವು.

"ಕಿತ್ತು ಹಾಕೂಣೇನು?" ಎಂದ ಮುರ್ತುಜಾ.

"ಕಿತ್ರ ಹೊನ್ನವ್ವ ಮತ್ತ ಮೂರನೇ ಸಾಲಿನಾಗ ನಿಂದರಬೇಕು. ಹಿಂಗs ಬಿಟ್ರ ಇಲ್ಲೇ ಉಸಿರು ಕಟ್ಟತಾಳ." ತಾನೇ ಕರೆದ ಜನ ತನ್ನ ಮನೆ ಬಾಗಿಲು ಮುರಿಯುತ್ತಿದ್ದರು. ಒಂದು ಕ್ಷಣ ಕಲ್ಲವ್ವನ ಕೋಣೆಯ ಕಿಟಕಿ ಕಣ್ಣ ಮುಂದೆ ಬಂತು. ಮರುಕ್ಷಣ ಬೆರಳು ಕೀಲಿಮಣೆಗೆ ಹೋಯಿತು. ಎರಡೂ ಬಾಗಿಲುಗಳಿಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅಷ್ಟಾದರೆ ಈ ಪ್ರವಾಹ ಇಳಿಯುತ್ತದೆ.

ಆಗ ಫೋನು ಬಂತು. ಹಲಗೂರಿನ ಜಾಲದವನು, ಯಮನೂರಪ್ಪ.

"ಯಕ್ಕಾ, ನಮ್ಮ ಊರಿಂದ ದಕ್ಷಿಣದ ಕಡೆ ಮಾತು ರಾತ್ರಿ ತೊದಲಲಾರದಂಗ ಹೊಂಟಿತ್ತು, ಈಗ ಕಟ್ಟಿ ನಿಂತೈತಿ. ಹೆಂಗಂತ ನೋಡಿದ್ರ ದಾರ್ಯಾಗ ನಿಮ್ಮ ಹೆಸರು. ಏನ್ ಮಾಡಿ ಮಾರಾಯ್ತಿ?"

"ತಪ್ಪು ಮಾಡೇನಿ," ಎಂದಳು. "ಈಗ ತಿದ್ದಾಕತ್ತೇನಿ."

"ಪೂರಾ ಅಳಸಬ್ಯಾಡ, ನಿಂದರು. ಕಾಲುವಿಗುಂಟ ನನ್ನದೊಂದು ಕೇಬಲ್ ಖಾಲಿ ಬಿದ್ದೈತಿ, ನಿನ್ನ ಸೇತುವಿ ಹತ್ರನs ಬಂದೈತಿ. ಬಾಗಲಕ್ಕ ಹೇಳಿದ್ದು ಹಿಂದಕ್ಕ ತಗೋ. ನನ್ನ ಹೆಸರು ಅಷ್ಟು ಬರಿ. ನಾನೂ ಮುಯ್ಯಿಗೆ ಬರ್ತೀನಿ."

ಅವನ ಹಿಂದೆ ಇನ್ನೊಬ್ಬ, ಮಗದೊಬ್ಬ. ತಪ್ಪಾಗದಿದ್ದರೆ ಈ ದಾರಿಯಿದೆಯೆಂದು ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಒಂದು ಬೆಳಗಿನ ಮಟ್ಟಿಗೆ ಯಂತ್ರಗಳೇ ಮನೆಮನೆಗೆ ಹೋಗಿ ಕರೆದು ಬಂದಿದ್ದವು. ದ್ರಾಕ್ಷಾಯಣಿ 'ಎಲ್ಲರಿಗೂ' ಎಂಬುದನ್ನು ಅಳಿಸಿದಳು. ಅದರ ಜಾಗದಲ್ಲಿ ಊರುಗಳ ಹೆಸರು ಒಂದೊಂದಾಗಿ ಬರೆಯತೊಡಗಿದಳು. ಫ್ಯಾನಿನ ಕೂಗು ಇಳಿಯಿತು. ಸಂಜೆಯ ಹೊತ್ತಿಗೆ ಸೇತುವೆಯ ಎರಡೂ ತುದಿಯಲ್ಲಿ ಕೇಬಲ್ ಸುರುಳಿ ಹೇರಿಕೊಂಡ ಮೋಟಾರು ಸೈಕಲ್ಲುಗಳು ನಿಂತಿದ್ದವು. ಬಂದವರಿಗೆಲ್ಲ ಫಕೀರವ್ವ ಟೋಲ್ ಮನೆಯ ಮುಂದೆ ರೊಟ್ಟಿ, ಖಾರಬ್ಯಾಳಿ ಬಡಿಸಿದಳು. "ಮುಯ್ಯಿಗೆ ಬಂದವರಿಗೆ ಊಟ ಹಾಕೂದು ನಮ್ಮ ಕಡೆ ಐತಿ," ಎಂದಳು, ಯಾರೂ ಕೇಳದಿದ್ದರೂ. ಟೋಲ್ ಮನೆಯ ಹೆಸರು ಆ ಊಟದಲ್ಲೇ ಬದಲಾಯಿತು. ಮುಯ್ಯಿಕಟ್ಟೆ ಎಂದರು.

ಕಟ್ಟೆಯಲ್ಲಿ ಒಂದೇ ದರ್ಜೆ ಎಂದು ಎಲ್ಲರೂ ಒಪ್ಪಿದರು. ಆಸ್ಪತ್ರೆಯ ಕೈಗೆ ಮಾತ್ರ ಗಾಜಿನ ಒಂದು ಎಳೆಯನ್ನು ಪೂರ್ತಿ ಬಿಟ್ಟುಕೊಟ್ಟರು. ಆ ಎಳೆ ಜೀವಂತ ಇದೆಯೆಂದು ತೋರಿಸಲು ಕಟ್ಟೆಯ ಮೇಲೊಂದು ಹಸಿರು ದೀಪ.

ಹೊನ್ನವ್ವನಿಗೆ ಅದರ ಮರುದಿನವೇ ನೋವು ಕಾಣಿಸಿಕೊಂಡಿತು. ಅವಳ ಜೊತೆ ಫಕೀರವ್ವ ಆಸ್ಪತ್ರೆಗೆ ಹೋದಳು. ದ್ರಾಕ್ಷಾಯಣಿ ಮುಯ್ಯಿಕಟ್ಟೆಗೆ ಬಂದಳು. "ನನ್ನ ಕೂಡ ಒಳಗ ಬಾ," ಎಂದಿದ್ದಳು ಹೊನ್ನವ್ವ. "ನಾ ಅಲ್ಲಿ ಇದ್ರs ನಿನ್ನ ಕೂಡ ಇದ್ದಂಗ," ಎಂದು ಇವಳು ಕೈ ಬಿಡಿಸಿಕೊಂಡಿದ್ದಳು. ಡಾಕ್ಟರ್ ಸುಗಂಧಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕೈಗವಸು ಹಾಕ್ತಾ ಇದೀನಿ."

ಹಸಿರು ದೀಪ ಮಿಣುಕತೊಡಗಿತು. ಬೆರಳು ಆಡಿದಷ್ಟು ಸಲ ಮಿಣುಕು. ಕಟ್ಟೆಯ ಸುತ್ತ ಹತ್ತಾರು ಜನ ಮಿಣುಕು ಎಣಿಸುತ್ತ ನಿಂತಿದ್ದರು.

ಆಗ ದೇಸಾಯರು ಇಬ್ಬರು ಪೊಲೀಸರ ಜೊತೆ ಸೇತುವೆಯ ಮೇಲೆ ನಡೆದು ಬಂದರು. ಕೈಯಲ್ಲಿ ಆದೇಶ. ಗಂಟಲು ಸರಿಮಾಡಿಕೊಂಡು ಓದಿದರು: ಏಕದ್ವಾರ ಕಾಯ್ದೆಯನ್ನು ಉಲ್ಲಂಘಿಸಿ ಹಾಕಿದ ಅನಧಿಕೃತ ಜೋಡಣೆಯನ್ನು ತಕ್ಷಣ ತೆಗೆಯತಕ್ಕದ್ದು.

ದ್ರಾಕ್ಷಾಯಣಿ ದೀಪದಿಂದ ಕಣ್ಣು ಕೀಳಲಿಲ್ಲ. "ಈ ದೀಪದಾಗ ನನ್ನ ತಂಗಿ ಹೊಟ್ಟಿ ತೆರದೈತ್ರಿ. ಕೀಳ್ರಿ ನೀವs."

ದೇಸಾಯರು ಪೊಲೀಸರನ್ನು ನೋಡಿದರು. ಪೊಲೀಸರಲ್ಲಿ ಹಿರಿಯವನು ಟೋಪಿ ತೆಗೆದು ಬೆವರು ಒರೆಸಿಕೊಂಡು, ಹೊಳೆಯಲ್ಲಿ ನೀರು ಎಷ್ಟಿದೆ ಎಂದು ನೋಡುವವನಂತೆ ಕಟಾಂಜನದ ಕಡೆ ತಿರುಗಿ ನಿಂತ. ಕಿರಿಯವನೂ ನೀರು ನೋಡಿದ. ದೇಸಾಯರು ಫೋನು ತೆಗೆದು ಯಾರಿಗೋ ಮಾತಾಡಿದರು. "ಹೌದು ಸಾರ್. ಸ್ಥಳದಲ್ಲೇ ಇದೀನಿ ಸಾರ್. ಕೇಳಿಸ್ತೈತಿ ಸಾರ್, ಭಾಳ ಸ್ಪಷ್ಟ ಕೇಳಿಸ್ತೈತಿ. ಇವತ್ತು ಏನೋ ಲೈನು ಚಲೋ ಐತಿ."

ಮುರ್ತುಜಾ ಕಟ್ಟೆಯ ಇನ್ನೊಂದು ಪರದೆಯನ್ನು ನೋಡುತ್ತಿದ್ದವನು ಕೆಮ್ಮಿದ. "ನಿಮ್ಮ ಮ್ಯಾಲಿನವರ ಕಚೇರಿ ಹಲಗೂರಿನಾಗ ಐತಲ್ರೀ ಸಾಹೇಬರ?"

"ಹೌದು. ಯಾಕ?"

"ಏನಿಲ್ಲ. ಹಲಗೂರು ನಿನ್ನೆ ನಮ್ಮ ಮುಯ್ಯಿಗೆ ಬಂತು. ನೀವು ಈಗ ಮಾತಾಡಿದ್ದು ಈ ಕಟ್ಟಿ ಮ್ಯಾಲಿಂದನs ಹೋತು. ಸಲೀಸಾಗಿ ಹೋತಿಲ್ರಿ?"

ಹಿಂದೆ ನಿಂತವರಲ್ಲಿ ಒಬ್ಬಳು ಸೆರಗು ಬಾಯಿಗೊತ್ತಿಕೊಂಡಳು. ನಗು ಅವಳಿಂದ ಪಕ್ಕದವಳಿಗೆ, ಅಲ್ಲಿಂದ ಕಟಾಂಜನದ ತುದಿಯವರೆಗೆ ಹೋಯಿತು. ದೇಸಾಯರು ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿ ಜೇಬಿಗಿಟ್ಟರು.

ದೀಪದ ಮಿಣುಕು ನಿಂತಿತು.

ನಗುವೂ ನಿಂತಿತು. ದೀಪ ಆರಿರಲಿಲ್ಲ; ಹಸಿರಾಗಿ, ಅಲುಗದೆ ಉರಿಯುತ್ತಿತ್ತು. ಎಳೆ ಜೀವಂತ ಇತ್ತು, ಬೆರಳು ಆಡುತ್ತಿರಲಿಲ್ಲ. ದ್ರಾಕ್ಷಾಯಣಿ ಪರದೆ ನೋಡಿದಳು, ಕೇಬಲ್ ನೋಡಿದಳು, ಮುರ್ತುಜಾನನ್ನು ನೋಡಿದಳು. ಅವನು ಬಗ್ಗಿ ಕೇಬಲ್ಲಿನ ತುದಿಯನ್ನು ತಡವಿ ನೋಡುತ್ತಿದ್ದ.

ಫೋನು ರಿಂಗಾಯಿತು. ಅವಳು ಕಿವಿಗಿಟ್ಟುಕೊಳ್ಳುವ ಮೊದಲೇ ಅದರೊಳಗಿಂದ ಒಂದು ಕೂಸಿನ ಕಿರುಚಾಟ ಹೊರಬಂತು, ಸೇತುವೆಯ ಮೇಲೆ ನಿಂತವರಿಗೆಲ್ಲ ಕೇಳುವಂತೆ. ಅದರ ಹಿಂದೆಯೇ ಫಕೀರವ್ವನ ದನಿ. "ಹೆಣ್ಣು ಕೂಸು. ಹೊಲಿಗಿ ಹಾಕಿ ಮುಗಿಸಿ ಕೈ ಹಿಂದಕ್ಕ ಸರದೈತಿ. ಹೊನ್ನವ್ವ ಕಣ್ಣು ಬಿಟ್ಟಾಳ. ಇವತ್ತು ಯಾವ ಮ್ಯಾಚ್ ಇತ್ತು ಅಂತ ಕೇಳಾಕತ್ತಾಳ, ಹುಚ್ಚಿ." ಮಾತು ಅಲ್ಲಿಗೆ ಒಡೆದು ಅಳುವಾಯಿತು.

ಸೇತುವೆಯ ಮೇಲೆ ಎದ್ದ ಕೇಕೆ ಎರಡೂ ದಡಕ್ಕೆ ಹೋಗಿ ತಿರುಗಿ ಬಂತು. ನೀರು ನೋಡುತ್ತಿದ್ದ ಪೊಲೀಸರು ಟೋಪಿ ಹಾಕಿಕೊಂಡು ಇತ್ತ ತಿರುಗಿದರು. ಕಿರಿಯವನ ಮುಖ ಅರಳಿತ್ತು. ದ್ರಾಕ್ಷಾಯಣಿ ಕಟ್ಟೆಯ ಕಲ್ಲಿಗೆ ಕೈ ಊರಿ ನಿಂತಳು. ಕಲ್ಲವ್ವ ಸತ್ತ ದಿನ ಬಾರದ ಅಳು ಅವಳಿಗೆ ಈಗ ಬಂತು. ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

ದೇಸಾಯರು ಗಲಾಟೆ ಇಳಿಯುವವರೆಗೆ ಕಾದರು. ಅವರ ದನಿ ಮೆತ್ತಗಾಗಿತ್ತು. "ಒಳ್ಳೇದಾತಮ್ಮ. ದೇವರು ದೊಡ್ಡಾವ. ಅದಕ್ಕs ನಾನೂ ಸುಮ್ಮನ ನಿಂತೆ, ನೋಡಿದ್ರಿಲ್ಲ? ತಂಗಿ ಉಳದ್ಲು, ಕೂಸು ಉಳೀತು. ನಿಮ್ಮ ಕೆಲಸ ಮುಗೀತು. ಈಗಾದ್ರೂ ತಗೀರಿ. ನಾ ಒಳ್ಳೆ ಮಾತಿನಾಗ ಹೇಳಾಕತ್ತೇನಿ. ನೀವs ತಗದ್ರ ಕೇಸಿಲ್ಲ, ಲೈಸೆನ್ಸೂ ಉಳಿಸಿ ಕೊಡ್ತೀನಿ."

ಅವರು ಆದೇಶವನ್ನು ಕಟ್ಟೆಯ ಮೇಲೆ, ಹಸಿರು ದೀಪದ ಪಕ್ಕದಲ್ಲಿ ಇಟ್ಟರು. ಮುರ್ತುಜಾ ದ್ರಾಕ್ಷಾಯಣಿಯನ್ನು ನೋಡಿದ. ಸೇತುವೆಯೇ ಅವಳನ್ನು ನೋಡಿತು. ಅವಳಿಗೆ ಲೈಸೆನ್ಸು ಬೇಕಿತ್ತು. ಗಿರಣಿಯ ಮಾಳಿಗೆಯ ಮೇಲಿನ ಆ ಜಾಲ ಅವಳ ಹರೆಯವನ್ನೆಲ್ಲ ತಿಂದು ಬೆಳೆದಿತ್ತು. ಜೇಲೆಂದರೆ ಏನೆಂದೂ ಅವಳಿಗೆ ಗೊತ್ತಿತ್ತು.

ದೀಪ ಮತ್ತೆ ಮಿಣುಕಿತು. ಅವಳು ಬಗ್ಗಿ ಪರದೆ ನೋಡಿದಳು. ಡಾಕ್ಟರ್ ಸುಗಂಧಿ ಮತ್ತೆ ಬೆರಳಾಡಿಸುತ್ತಿದ್ದರು. ಈ ಸಲ ಹಲಗೂರಿನ ಕೈ. ಅಲ್ಲಿ ಯಾರೋ ಮಲಗಿದ್ದರು. ಯಾರ ಅಕ್ಕನೋ, ಯಾರ ತಂಗಿಯೋ, ಹೆಸರು ಗೊತ್ತಿರಲಿಲ್ಲ.

ದ್ರಾಕ್ಷಾಯಣಿ ಆದೇಶದ ಕಾಗದವನ್ನು ಎತ್ತಿ, ಒಪ್ಪವಾಗಿ ಮಡಚಿ, ದೇಸಾಯರ ಕೈಗೇ ವಾಪಸು ಕೊಟ್ಟಳು. ಆಮೇಲೆ ಕಟ್ಟೆಯ ಮುಂದೆ, ಹಿಂದೊಮ್ಮೆ ಸುಂಕದವನು ಕೂರುತ್ತಿದ್ದ ಕಲ್ಲಿನ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತಳು.

"ತಗಿಯಂಗಿಲ್ರೀ," ಎಂದಳು.